ಬದುವಿನ ಮೇಲೆ ಓಡಾಡುವ ಬೇಲಿ: ಜರ್ಮನ್ ಶೆಫರ್ಡ್ ಹಾಗೇಕಿದೆ, ಅದನ್ನು ಸಾಕುವುದು ಹೇಗೆ

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿ, 23 ತಳಿಯ ನಾಯಿಗಳ ಸಾಕಣೆ, ಮಾರಾಟಕ್ಕೆ ಪರವಾನಗಿ ಕೊಡಬೇಡಿ ಎಂದಿತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಪಟ್ಟಿಯಲ್ಲಿ ಸೆಂಟ್ರಲ್ ಏಷಿಯನ್ ಶೆಫರ್ಡ್, ಕಕೇಷಿಯನ್ ಶೆಫರ್ಡ್, ವುಲ್ಫ್ ಡಾಗ್ ಎಂಬ ಹೆಸರುಗಳಿದ್ದವು. ಜರ್ಮನ್ ಶೆಫರ್ಡ್ ಇರಲಿಲ್ಲ. ಆದರೂ ಹೆಸರಿನಲ್ಲಿ ‘ಶೆಫರ್ಡ್’ ಇದೆ, ನೋಡಲು ತೋಳದ ಹಾಗಿದೆ, ಒಂದು ಕಾಲಕ್ಕೆ ಇದನ್ನು ‘ತೋಳನಾಯಿ’ ಎಂದೇ ಕರೆದದ್ದೂ ಉಂಟು. ಹಾಗಾಗಿ ಇದು ಎಂಥ ನಾಯಿ ಎಂಬ ಪ್ರಶ್ನೆ ಸಾಕಿದವರಿಗೂ ಪಕ್ಕದ ಮನೆಯವರಿಗೂ ಬರುವುದು ಸಹಜ.

ಉತ್ತರ ಇರುವುದು ಈ ನಾಯಿಯ ಹಳೆಯ ಕಸುಬಿನಲ್ಲಿ. ಕಸುಬು ತಿಳಿದರೆ ಇದರ ಮೈ ಏಕೆ ಉದ್ದ, ಗೇಟಿನ ಹತ್ತಿರ ಏಕೆ ಅಷ್ಟು ಬೊಗಳುತ್ತದೆ, ಮಕ್ಕಳು ಓಡಿದರೆ ಹಿಮ್ಮಡಿಗೆ ಏಕೆ ಬಾಯಿ ಹಾಕುತ್ತದೆ ಎಂಬುದೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಸಾಕುವ ಕ್ರಮವೂ ಅಲ್ಲಿಂದಲೇ ಹೊಳೆಯುತ್ತದೆ.

ಕುರಿನಾಯಿ ಎಂದರೆ ಎಲ್ಲವೂ ಒಂದೇ ಅಲ್ಲ

ಕುರಿಮಂದೆಯ ಜೊತೆ ಇರುವ ನಾಯಿಗಳಲ್ಲಿ ಮುಖ್ಯವಾಗಿ ಮೂರು ಕಸುಬು.

ಮೊದಲನೆಯದು ಕಾವಲು. ಕಕೇಷಿಯನ್ ಶೆಫರ್ಡ್, ಟರ್ಕಿಯ ಕಂಗಾಲ್‌ನಂಥ ದೈತ್ಯ ನಾಯಿಗಳು ಮಂದೆಯ ನಡುವೆಯೇ ಬೆಳೆದು, ಅಲ್ಲೇ ಮಲಗಿ, ತೋಳವೋ ಕಳ್ಳನೋ ಬಂದರೆ ಎದುರಿಸುತ್ತವೆ. ಕುರಿಗಳನ್ನು ಅವು ಅಟ್ಟುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಎರಡನೆಯದು ಒಟ್ಟುಗೂಡಿಸುವುದು. ಬೆಟ್ಟದ ಮೇಲೆ ಚದುರಿದ ಕುರಿಗಳ ಸುತ್ತ ದೊಡ್ಡ ಬಳಸು ಹೊಡೆದು, ಮೈ ತಗ್ಗಿಸಿ, ದಿಟ್ಟಿಸಿ ನೋಡುತ್ತ ಅವನ್ನು ಒಡೆಯನ ಕಡೆಗೆ ತರುವ ಬಾರ್ಡರ್ ಕಾಲಿ ಇದಕ್ಕೆ ಹೆಸರುವಾಸಿ. ನಮ್ಮ ಮುಧೋಳ ಈ ಯಾವ ಗುಂಪಿಗೂ ಸೇರದು. ಅದು ಬೇಟೆಯ ನಾಯಿ.

ಮೂರನೆಯ ಕಸುಬು ಗಡಿ ಕಾಯುವುದು. ಜರ್ಮನ್ ಶೆಫರ್ಡ್‌ನದು ಇದು.

ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಬಯಲನ್ನು ಕಲ್ಪಿಸಿಕೊಳ್ಳಿ. ಹೊಲಗಳಿಗೆ ಬೇಲಿ ಇಲ್ಲ. ಗೋಧಿ, ಮೇವಿನ ಬೆಳೆ ಎರಡೂ ಬದಿಗೆ. ನಡುವೆ ಅಗಲ ಕಿರಿದಾದ ಹುಲ್ಲಿನ ಪಟ್ಟಿ. ಕುರಿಗಾಹಿ ಆ ಪಟ್ಟಿಯಲ್ಲಿ ನೂರಾರು ಕುರಿಗಳನ್ನು ಮೇಯಿಸಬೇಕು, ಒಂದೂ ಬೆಳೆಗೆ ಬಾಯಿ ಹಾಕಬಾರದು. ನಮ್ಮ ಕುರುಬರು ಸುಗ್ಗಿಯಾದ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಮಂದೆ ನಿಲ್ಲಿಸುವ ಹಾಗೆ, ದಕ್ಷಿಣ ಜರ್ಮನಿಯ ಅಲೆಮಾರಿ ಕುರಿಗಾಹಿಗಳೂ ಹೊಲದಲ್ಲೇ ತಟ್ಟಿ ಕಟ್ಟಿ ಕುರಿ ಕೂಡುತ್ತಿದ್ದರು. ಹೀಗೆ ಊರಿಂದೂರಿಗೆ ಹೋಗುವಾಗ ದಾರಿಯುದ್ದಕ್ಕೂ ಬೇರೆಯವರ ಬೆಳೆಯೇ.

ಅಲ್ಲಿ ನಾಯಿಯೇ ಬೇಲಿ. ಕುರಿಗಾಹಿ ಗಡಿ ತೋರಿಸುತ್ತಾನೆ. ನಾಯಿ ಆ ಗೆರೆಯನ್ನು ಹಿಡಿದು ಬದುವಿನ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಹೋಗಿಬರುತ್ತಲೇ ಇರುತ್ತದೆ. ಅದರ ಓಡಾಟ ಕಂಡೇ ಕುರಿಗಳು ಗೆರೆ ದಾಟುವುದಿಲ್ಲ. ಮೊಂಡು ಕುರಿಯೊಂದು ದಾಟಿದರೆ ಕತ್ತು, ಪಕ್ಕೆ, ತೊಡೆ ಈ ಮೂರು ಕಡೆ ಮಾತ್ರ, ಗಾಯವಾಗದಂತೆ, ಪೂರ್ತಿ ಬಾಯಿಂದ ಒಮ್ಮೆ ಹಿಡಿದು ಬಿಡಬೇಕು. ಕಾಲು ಕಚ್ಚುವ, ಉಣ್ಣೆ ಕೀಳುವ, ಹಿಡಿದದ್ದು ಬಿಡದ ನಾಯಿ ಈ ಕೆಲಸಕ್ಕೆ ಬಾರದು; ಅದು ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಜರ್ಮನಿಯಲ್ಲಿ ಈ ಕೆಲಸದ ಪರೀಕ್ಷೆ ಈಗಲೂ ನಡೆಯುತ್ತದೆ. ಕನಿಷ್ಠ 200 ಕುರಿಗಳ ಮಂದೆಯನ್ನು ದೊಡ್ಡಿಯಿಂದ ಬಿಟ್ಟು, ರಸ್ತೆ ದಾಟಿಸಿ, ಸೇತುವೆ ಹಾಯಿಸಿ, ಅಗಲವಾದ ಮತ್ತು ಕಿರಿದಾದ ಹುಲ್ಲುಗಾವಲಲ್ಲಿ ಮೇಯಿಸಿ ತೋರಿಸಬೇಕು.

ಇದರಲ್ಲಿ ಮೂರು ಗುಣ ಅಡಗಿವೆ: ದಿನವಿಡೀ ದಣಿಯದೆ ಓಡುವ ಮೈ, ಗೆರೆ ಯಾವುದು, ಅದನ್ನು ದಾಟಿದವರು ಯಾರು ಎಂದು ಸದಾ ಗಮನಿಸುವ ಬುದ್ಧಿ, ಒಡೆಯ ದೂರದಲ್ಲಿದ್ದಾಗ ತಾನೇ ತೀರ್ಮಾನ ತೆಗೆದುಕೊಳ್ಳುವ ಧೈರ್ಯ.

1899: ಒಂದು ನಾಯಿ, ಒಂದು ಸಂಘ

ಆಗ ಜರ್ಮನಿಯಲ್ಲಿ ಕುರಿನಾಯಿಗಳು ಸೀಮೆಗೊಂದು ಬಗೆಯಲ್ಲಿದ್ದವು. ತುರಿಂಗಿಯಾ ಸೀಮೆಯವು ಚಿಕ್ಕವು, ಚುರುಕು, ನೆಟ್ಟಗಿನ ಕಿವಿಯವು. ವುರ್ಟೆಂಬರ್ಗ್ ಕಡೆಯವು ದೊಡ್ಡವು, ಗಟ್ಟಿ ಮೂಳೆಯವು, ಸಮಾಧಾನಿಗಳು. ಇವನ್ನೆಲ್ಲ ಕೂಡಿಸಿ ಒಂದು ತಳಿ ಮಾಡಬೇಕೆಂದು ಹೊರಟವರು ಅಶ್ವದಳದ ಅಧಿಕಾರಿಯಾಗಿದ್ದ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್. 1899ರ ಏಪ್ರಿಲ್‌ನಲ್ಲಿ ಕಾರ್ಲ್ಸ್‌ರೂ ಎಂಬಲ್ಲಿಯ ನಾಯಿ ಪ್ರದರ್ಶನದಲ್ಲಿ ಅವರಿಗೆ ಹೆಕ್ಟರ್ ಎಂಬ ನಾಯಿ ಕಣ್ಣಿಗೆ ಬಿತ್ತು. ಕೊಂಡು, ಹೋರಾಂಡ್ ಫಾನ್ ಗ್ರಾಫ್ರಾತ್ ಎಂದು ಹೆಸರು ಬದಲಿಸಿದರು. ಅದೇ ತಿಂಗಳು ಜರ್ಮನ್ ಶೆಫರ್ಡ್ ಸಂಘ ಹುಟ್ಟಿತು, ಅದರ ವಂಶಾವಳಿ ಪುಸ್ತಕದ ಒಂದನೇ ನಂಬರ್ ಹೋರಾಂಡ್‌ಗೆ ಸಿಕ್ಕಿತು. ಇಂದಿನ ಜರ್ಮನ್ ಶೆಫರ್ಡ್‌ಗಳ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಈ ನಾಯಿಯ ಬಳಿಗೆ ಬರುತ್ತೇವೆ.

ಸ್ಟೆಫಾನಿಟ್ಸ್ ಅವರ ಮಾನದಂಡ ಸರಳವಾಗಿತ್ತು: ಕೆಲಸಕ್ಕೆ ಬರುವ ನಾಯಿಯೇ ಚೆಂದದ ನಾಯಿ. ಕಾರ್ಖಾನೆಗಳು ಎದ್ದು, ಹುಲ್ಲುಗಾವಲು ಕಡಿಮೆಯಾಗಿ, ಕುರಿ ಸಾಕಣೆ ಕುಗ್ಗುತ್ತಿರುವುದನ್ನು ಕಂಡ ಅವರು ಈ ನಾಯಿಗೆ ಪೊಲೀಸ್ ಮತ್ತು ಸೇನೆಯ ಕೆಲಸ ಹುಡುಕಿದರು. ಮೊದಲ ಮಹಾಯುದ್ಧದಲ್ಲಿ ಸುದ್ದಿ ಒಯ್ಯಲು, ಗಾಯಾಳುಗಳನ್ನು ಹುಡುಕಲು ಇವುಗಳ ಬಳಕೆಯಾಯಿತು. ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ದಾರಿ ತೋರಿಸುವ ನಾಯಿಗಳ ಶಾಲೆ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಶುರುವಾದಾಗಲೂ ಆರಿಸಿಕೊಂಡದ್ದು ಈ ತಳಿಯನ್ನೇ. ಅಡ್ಡ ಬಂದದ್ದನ್ನು ಗಮನಿಸಿ ತಾನೇ ನಿಲ್ಲುವ ಬುದ್ಧಿ ಕುರಿಯ ಕೆಲಸದಿಂದಲೇ ಬಂದಿತ್ತು.

ನಮ್ಮಲ್ಲಿ ಹಿರಿಯರು ಈಗಲೂ ‘ಅಲ್ಸೇಷಿಯನ್’ ಎನ್ನುತ್ತಾರೆ. ಅದು ಬೇರೆ ತಳಿಯಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ‘ಜರ್ಮನ್’ ಎಂಬ ಪದವೇ ಬೇಡವಾಗಿ, ಫ್ರಾನ್ಸ್–ಜರ್ಮನಿ ಗಡಿಯ ಅಲ್ಸಾಸ್ ಸೀಮೆಯ ಹೆಸರಿಟ್ಟು ‘ಅಲ್ಸೇಷಿಯನ್ ವುಲ್ಫ್ ಡಾಗ್’ ಎಂದು ಕರೆದರು. ತೋಳನಾಯಿ ಎಂಬ ಮಾತು ಬಂದದ್ದು ಅಲ್ಲಿಂದ. ಬ್ರಿಟಿಷರ ಮೂಲಕ ಆ ಹೆಸರು ನಮಗೂ ಬಂತು. ಬ್ರಿಟನ್ನಿನ ತಳಿನಾಯಿಗಳ ಸಂಘವಾದ ಕೆನಲ್ ಕ್ಲಬ್ ‘ಜರ್ಮನ್ ಶೆಫರ್ಡ್’ ಹೆಸರನ್ನು ಮರಳಿ ಒಪ್ಪಿದ್ದು 1977ರಲ್ಲಿ.

ಮೈಕಟ್ಟು: ಕುಕ್ಕುಲೋಟಕ್ಕೆ ಮಾಡಿದ ದೇಹ

ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗಂಡು ನಾಯಿಯ ಭುಜದೆತ್ತರ 60ರಿಂದ 65 ಸೆಂ.ಮೀ., ತೂಕ 30ರಿಂದ 40 ಕೆ.ಜಿ. ಹೆಣ್ಣು 55ರಿಂದ 60 ಸೆಂ.ಮೀ., 22ರಿಂದ 32 ಕೆ.ಜಿ. ಎತ್ತರಕ್ಕಿಂತ ಮೈ ಉದ್ದ ಶೇ 10ರಿಂದ 17ರಷ್ಟು ಹೆಚ್ಚಿರಬೇಕು. ಅಂದರೆ 60 ಸೆಂ.ಮೀ. ಎತ್ತರದ ನಾಯಿ ಸುಮಾರು 66ರಿಂದ 70 ಸೆಂ.ಮೀ. ಉದ್ದ. ಬದುವಿನ ಮೇಲೆ ದಿನವಿಡೀ ಹೋಗಿಬರಲು ನಾಗಾಲೋಟ ಆಗದು, ನಡಿಗೆ ಸಾಲದು, ಬೇಕಾದ್ದು ಕುಕ್ಕುಲೋಟ. ಉದ್ದ ಮೈಯಿದ್ದರೆ ಹಿಂಗಾಲು ಮುಂಗಾಲಿಗೆ ತಾಗದೆ ಹೊಟ್ಟೆಯಡಿ ದೂರಕ್ಕೆ ಚಾಚುತ್ತದೆ. ಒಂದೊಂದು ಹೆಜ್ಜೆಗೂ ಹೆಚ್ಚು ನೆಲ ಸಾಗುತ್ತದೆ, ದಣಿವು ಕಡಿಮೆ.

ಈ ಲೆಕ್ಕ ಹಿಂದೆಯೂ ಹಳಿ ತಪ್ಪಿದ್ದುಂಟು. 1920ರ ದಶಕದ ಹೊತ್ತಿಗೆ ನಾಯಿಗಳು ತೀರಾ ಎತ್ತರ, ಚೌಕಾಕಾರವಾಗುತ್ತಿವೆ ಎನಿಸಿ, ಸ್ಟೆಫಾನಿಟ್ಸ್ 1925ರಲ್ಲಿ ಕ್ಲೋಡೋ ಫಾಮ್ ಬಾಕ್ಸ್‌ಬರ್ಗ್ ಎಂಬ ತಗ್ಗಿನ, ಉದ್ದ ಮೈಯ ನಾಯಿಯನ್ನು ವರ್ಷದ ಗೆದ್ದ ನಾಯಿಯೆಂದು ಆರಿಸಿ ತಳಿಯ ದಿಕ್ಕು ತಿರುಗಿಸಿದರು. ಆಮೇಲಿನ ದಶಕಗಳಲ್ಲಿ ಪ್ರದರ್ಶನದ ಸಾಲಿನ ನಾಯಿಗಳಲ್ಲಿ ಬೆನ್ನಿನ ಇಳಿಜಾರು, ಹಿಂಗಾಲಿನ ಬಾಗು ಹೆಚ್ಚುತ್ತ ಹೋಯಿತು. ಪೊಲೀಸ್, ಸೇನೆಗಳಿಗೆ ಬೆಳೆಸುವ ಕೆಲಸದ ಸಾಲಿನ ನಾಯಿಗಳ ಬೆನ್ನು ಈಗಲೂ ಹೆಚ್ಚು ನೇರ. ಎರಡೂ ಒಂದೇ ತಳಿಯೇ. ಆದರೆ ಹಿಂಗಾಲು ನೆಲಕ್ಕೆ ಕುಸಿದಂತೆ, ಹಿಮ್ಮಡಿ ಊರಿದಂತೆ ನಡೆಯುವ ನಾಯಿಯನ್ನು ‘ಶೋ ಕ್ವಾಲಿಟಿ’ ಎಂದು ಮಾರಿದರೆ ಕೊಳ್ಳಬೇಡಿ. ಆ ಕಾಲುಗಳು ಬದು ಕಾಯುವ ಕಾಲುಗಳಲ್ಲ.

ಬಣ್ಣ ಕಪ್ಪು–ಕಂದು, ಪೂರಾ ಕಪ್ಪು, ಇಲ್ಲವೇ ಬೂದು. ಬಿಳಿಯದನ್ನು ಈ ತಳಿಯ ಮಾನದಂಡ ಒಪ್ಪುವುದಿಲ್ಲ; ಬಿಳಿ ನಾಯಿಗಳು ಈಗ ವೈಟ್ ಸ್ವಿಸ್ ಶೆಫರ್ಡ್ ಎಂಬ ಬೇರೆ ತಳಿ.

ಗೇಟಿನ ಬಳಿ ನಡೆಯುವ ಪಾಠ

ಮನೆಯ ಕಾಂಪೌಂಡ್ ಈ ನಾಯಿಯ ಕಣ್ಣಿಗೆ ಹೊಲ. ಗೇಟು, ಗೋಡೆಯ ಸಾಲು ಬದು. ಬೆಳಿಗ್ಗೆ ಪೇಪರ್ ಹುಡುಗ ಬರುತ್ತಾನೆ, ನಾಯಿ ಬೊಗಳುತ್ತದೆ, ಪೇಪರ್ ಎಸೆದು ಅವನು ಹೋಗುತ್ತಾನೆ. ಹಾಲಿನವರು ಬರುತ್ತಾರೆ, ಹೋಗುತ್ತಾರೆ. ಸ್ಕೂಟರ್ ಬರುತ್ತದೆ, ಹೋಗುತ್ತದೆ. ಅವರೆಲ್ಲ ತಮ್ಮ ಕೆಲಸ ಮುಗಿಸಿ ಹೋದರು ಎಂಬುದು ನಮಗೆ ಗೊತ್ತು. ನಾಯಿಗೆ ಕಾಣುವುದು ಇಷ್ಟೇ: ಬೊಗಳಿದೆ, ಹೋದರು. ದಿನಕ್ಕೆ ಐವತ್ತು ಸಲ ಈ ಪಾಠ ಗಟ್ಟಿಯಾಗುತ್ತದೆ. ಕೆಲವೇ ತಿಂಗಳಲ್ಲಿ ಕಾಂಪೌಂಡಿನ ಅಂಚಿನಲ್ಲಿ ಹುಲ್ಲು ಸವೆದು ಒಂದು ಕಾಲುದಾರಿ ಮೂಡಿರುತ್ತದೆ. ಹಾಗೆ ಬೆಳೆದ ನಾಯಿ ಒಂದು ದಿನ ಗೇಟು ತೆರೆದಿದ್ದಾಗ ಹೊರಬಂದು ಯಾರಿಗೋ ಬಾಯಿ ಹಾಕಿದರೆ ಅದು ಏಕಾಏಕಿ ಆದದ್ದಲ್ಲ. ಆರು ತಿಂಗಳು ಕಲಿತದ್ದು.

ಇದಕ್ಕೆ ಮಾಡಬೇಕಾದ್ದು ಹೀಗೆ. ಯಾರೂ ಜೊತೆಯಲ್ಲಿಲ್ಲದೆ ಗೇಟಿನ ಬಳಿ ನಾಯಿಯನ್ನು ಗಂಟೆಗಟ್ಟಲೆ ಬಿಡಬೇಡಿ. ಜಾಲರಿ ಗೇಟಾದರೆ ಕೆಳಗಿನ ನಾಲ್ಕು ಅಡಿಗೆ ತಗಡು ಹೊಡೆಸಿ. ಬೀದಿಯ ಕಾಲುಗಳು ಕಾಣದಿದ್ದರೆ ಅರ್ಧ ಬೊಗಳುವಿಕೆ ತಗ್ಗುತ್ತದೆ. ಮರಿಯಿದ್ದಾಗಲೇ ‘ಬೊಗಳಿ ತಿಳಿಸು, ಕರೆದಾಗ ಬಾ’ ಎಂಬುದನ್ನು ಕಲಿಸಿ: ಒಂದೆರಡು ಸಲ ಬೊಗಳಿದ ಕೂಡಲೇ ಹೆಸರು ಕರೆಯಿರಿ, ಬಂದರೆ ಬೇಯಿಸಿದ ಕೋಳಿಯ ಚೂರು ಕೊಡಿ. ಬೈದರೆ ನಾಯಿ ತಿಳಿಯುವುದು ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದು. ಸರಪಳಿ ಕಟ್ಟಿ ಗೇಟಿನೆದುರು ಕೂರಿಸುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಗಡಿ ಕಣ್ಣೆದುರೇ ಇದೆ, ಅಲ್ಲಿಗೆ ಮುಟ್ಟಲು ಆಗದು. ಆ ಕೊರಗು ಸಿಟ್ಟಾಗಿ ತಿರುಗುತ್ತದೆ.

ಓಡುವ ಮಕ್ಕಳ ಹಿಮ್ಮಡಿಗೆ, ಲಂಗದ ಅಂಚಿಗೆ ಬಾಯಿ ಹಾಕುವ ಮರಿಯೂ ಕುರಿಯ ಕೆಲಸವನ್ನೇ, ಇನ್ನೂ ಸರಿಯಾಗಿ ಕಲಿಯದೆ, ಮಾಡುತ್ತಿದೆ. ಮಗು ಅಲ್ಲೇ ನಿಲ್ಲಲಿ, ದೊಡ್ಡವರು ಮರಿಯ ಬಾಯಿಗೆ ಹಗ್ಗದ ಆಟಿಕೆ ಕೊಡಲಿ. ಹತ್ತು ವರ್ಷದೊಳಗಿನ ಮಕ್ಕಳನ್ನೂ ಈ ಗಾತ್ರದ ನಾಯಿಯನ್ನೂ ದೊಡ್ಡವರಿಲ್ಲದೆ ಒಂದೇ ಕಡೆ ಬಿಡಬಾರದು, ನಾಯಿ ಎಷ್ಟೇ ಸಾಧುವಾಗಿರಲಿ.

ಬೆಳೆದ ನಾಯಿಗೆ ದಿನಕ್ಕೆ ಒಟ್ಟು ಒಂದೂವರೆ ಗಂಟೆಯಿಂದ ಎರಡು ಗಂಟೆ ಓಡಾಟ, ಜೊತೆಗೆ ಎರಡು ಸಲ ಹತ್ತು ಹದಿನೈದು ನಿಮಿಷ ತಲೆಗೆ ಕೆಲಸ ಬೇಕು. ಊಟದ ಒಂದು ಪಾಲನ್ನು ತೋಟದಲ್ಲಿ, ಟೆರೇಸ್‌ನ ಕುಂಡಗಳ ನಡುವೆ ಬಚ್ಚಿಟ್ಟು ಮೂಸಿ ಹುಡುಕಲು ಬಿಡಿ. ಬರೀ ಚೆಂಡೆಸೆತ ಓಟವನ್ನು ಹೆಚ್ಚಿಸುತ್ತದೆಯೇ ಹೊರತು ಮನಸ್ಸನ್ನು ತಣಿಸುವುದಿಲ್ಲ. ಫ್ಲ್ಯಾಟಿನಲ್ಲಿ ಸಾಕಬಹುದೇ ಎಂದರೆ, ಈ ಎರಡು ಗಂಟೆ ಪ್ರತಿದಿನ ಕೊಡಲಾಗುವವರು ಸಾಕಬಹುದು. ದೊಡ್ಡ ಕಾಂಪೌಂಡ್ ಇದ್ದೂ ಸಮಯ ಇಲ್ಲದವರ ಮನೆಗಿಂತ ಆ ಫ್ಲ್ಯಾಟ್ ಮೇಲು.

ಮರಿ ತರುವಾಗ

ನಮ್ಮ ಮಾರುಕಟ್ಟೆಯಲ್ಲಿ ಎರಡು ಮಾತು ಬಹಳ ಕೇಳುತ್ತದೆ: ‘ಡಬಲ್ ಕೋಟ್’, ‘ಡಬಲ್ ಬೋನ್’. ಜರ್ಮನ್ ಶೆಫರ್ಡ್‌ಗಳೆಲ್ಲಕ್ಕೂ ಎರಡು ಪದರ ಕೂದಲು ಇರುವುದೇ ಸರಿ: ಮೇಲೆ ಒರಟು, ಒಳಗೆ ಮೆತ್ತನೆಯ ದಟ್ಟ ಪದರ. ಮಾರುವವರು ಡಬಲ್ ಕೋಟ್ ಎನ್ನುವುದು ಉದ್ದ ಕೂದಲಿನ ಮರಿಗೆ. ಅದಕ್ಕೆ ಹೆಚ್ಚು ದುಡ್ಡು ಕೊಡಬೇಕಾದ ಕಾರಣವಿಲ್ಲ. ಡಬಲ್ ಬೋನ್ ಎಂಬುದು ಮರಿಯ ದಪ್ಪ ಕಾಲನ್ನು ತೋರಿಸಿ ಹೇಳುವ ಮಾತು, ಅಂಥ ಜಾತಿ ಇಲ್ಲ.

ಕೇಳಬೇಕಾದ್ದು ಬೇರೆ. ತಾಯಿ ನಾಯಿಯನ್ನು ನೋಡಬಹುದೇ? ಅಂಜುಬುರುಕ ತಾಯಿಯ ಮರಿಗಳು ಅಂಜುಬುರುಕವಾಗುವುದೇ ಹೆಚ್ಚು, ಅಂಜುವ ನಾಯಿಯೇ ಮೊದಲು ಕಚ್ಚುವುದು. ತಂದೆತಾಯಿಗಳ ಸೊಂಟ ಮತ್ತು ಮೊಣಕೈ ಕೀಲಿನ ಎಕ್ಸ್‌ರೇ ಆಗಿದೆಯೇ, ಒಂದು ವರ್ಷ ತುಂಬಿದ ಮೇಲೆ ತೆಗೆದದ್ದೇ? ಮರಿಗೆ ಎಂಟು ವಾರ ತುಂಬಿದೆಯೇ? ಎಂಟು ವಾರದೊಳಗಿನ ಮರಿಯನ್ನು ಮಾರುವುದು 2017ರ ಶ್ವಾನ ಸಂವರ್ಧನೆ ನಿಯಮಗಳ ಪ್ರಕಾರ ನಿಷಿದ್ಧ.

ಮೂರನೇ ವಾರದಿಂದ ಹದಿನಾಲ್ಕನೇ ವಾರದವರೆಗೆ ಮರಿಯ ಮನಸ್ಸು ಹೊಸತನ್ನು ಹೆದರದೆ ಒಪ್ಪಿಕೊಳ್ಳುವ ಕಾಲ. ಲಸಿಕೆ ಮುಗಿಯುವ ತನಕ ಹೊರಗೆ ತರಬೇಡಿ ಎಂಬ ಮಾತು ಕೇಳಿ ಮನೆಯೊಳಗೇ ಇಟ್ಟರೆ ಆ ಕಾಲ ಕೈತಪ್ಪುತ್ತದೆ. ನೆಲಕ್ಕೆ ಬಿಡದೆ ಎತ್ತಿಕೊಂಡೋ ಕಾರಿನಲ್ಲಿ ಕೂರಿಸಿಯೋ ಸಂತೆ, ಬಸ್ ನಿಲ್ದಾಣ, ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ತಮಟೆಯ ಸದ್ದು ಎಲ್ಲವನ್ನೂ ದೂರದಿಂದ ತೋರಿಸಿ. ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರದವರೆಗೆ ನಡೆಯಬೇಕು. ರೇಬೀಸ್ ಲಸಿಕೆ ಹನ್ನೆರಡು ವಾರದ ಮೇಲೆ, ಆಮೇಲೆ ವರ್ಷಕ್ಕೊಮ್ಮೆ.

ಊಟ, ಕ್ಯಾಲ್ಸಿಯಂ ಮತ್ತು ಸೊಂಟದ ಕೀಲು

ಕಿವಿ ನಿಲ್ಲಲಿ, ಮೂಳೆ ಗಟ್ಟಿಯಾಗಲಿ ಎಂದು ಮರಿಗೆ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಸಿರಪ್ ಕುಡಿಸುವುದು ನಮ್ಮಲ್ಲಿ ತೀರಾ ಸಾಮಾನ್ಯ, ಮತ್ತು ಈ ತಳಿಗೆ ಆಗುವ ಹಾನಿಗಳಲ್ಲಿ ಸುಲಭವಾಗಿ ತಪ್ಪಿಸಬಹುದಾದದ್ದು. ಬೆಳೆದ ನಾಯಿ ಬೇಕಾದಷ್ಟೇ ಹೀರಿಕೊಂಡು ಉಳಿದದ್ದನ್ನು ಬಿಡುತ್ತದೆ. ಎಳೆ ಮರಿಯ ಕರುಳಿಗೆ ಆ ಹಿಡಿತ ಇಲ್ಲ. ಕೊಟ್ಟಷ್ಟನ್ನೂ ಬಹುಪಾಲು ಒಳಗೆ ಬಿಡುತ್ತದೆ. ಹೆಚ್ಚಾದ ಕ್ಯಾಲ್ಸಿಯಂ ಮೃದ್ವಸ್ಥಿ ಮೂಳೆಯಾಗುವ ಕ್ರಮವನ್ನೇ ಕೆಡಿಸಿ ಕಾಲು ಸೊಟ್ಟಗಾಗುತ್ತದೆ, ಕೀಲು ಹಾಳಾಗುತ್ತದೆ. ಕಿವಿ ತಾನಾಗಿ ನಾಲ್ಕರಿಂದ ಆರು ತಿಂಗಳೊಳಗೆ ನಿಲ್ಲುತ್ತದೆ. ಹಲ್ಲು ಬದಲಾಗುವಾಗ ನಿಂತ ಕಿವಿ ಮತ್ತೆ ಬಾಗುವುದೂ ಇದೆ. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಒಣ ಆಹಾರದಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇದೆ, ಮೇಲೆ ಏನೂ ಸೇರಿಸಬೇಡಿ. ಪೂರ್ತಿ ಮನೆಯೂಟವೇ ಆದರೆ ಮಾತು ಬೇರೆ: ಬರೀ ಅನ್ನ, ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು, ಎಷ್ಟು ಸೇರಿಸಬೇಕೆಂದು ಪಶುವೈದ್ಯರು ತೂಕ ನೋಡಿ ಹೇಳಬೇಕು. ಅನ್ನ ಮೊಸರಿನಲ್ಲೇ ಬೆಳೆಸಿದ ಮರಿಗೆ ಪ್ರೋಟೀನೂ ಸಾಲುವುದಿಲ್ಲ.

ಸೊಂಟದ ಕೀಲಿನ ತೊಂದರೆಗೆ ಹಿಪ್ ಡಿಸ್‌ಪ್ಲೇಸಿಯಾ ಎಂದು ಹೆಸರು. ಒರಳಿನ ಗುಂಡು ಒರಳಿನ ಗುಳಿಯಲ್ಲಿ ಸರಿಯಾಗಿ ಕೂತರೆ ಸಲೀಸಾಗಿ ತಿರುಗುತ್ತದೆ. ಗುಳಿ ಆಳವಿಲ್ಲದೆ ಗುಂಡು ಅಲುಗಾಡಿದರೆ ಎರಡೂ ಸವೆಯುತ್ತವೆ. ತೊಡೆಮೂಳೆಯ ತುದಿಗೂ ಸೊಂಟದ ಗುಳಿಗೂ ಆಗುವುದು ಇದೇ. ದೋಷ ವಂಶದಿಂದ ಬರುತ್ತದೆ, ಆದರೆ ಎಷ್ಟು ಕಾಡುತ್ತದೆ ಎಂಬುದು ಸಾಕುವುದರ ಮೇಲೂ ನಿಂತಿದೆ. ಜರ್ಮನ್ ಸಂಘ 1966ರಲ್ಲೇ ಸೊಂಟದ ಎಕ್ಸ್‌ರೇ ನೋಡಿ ಮುದ್ರೆ ಕೊಡುವ ಕ್ರಮ ತಂದಿತು. ಮನೆಯಲ್ಲಿ ನಾವು ಮಾಡಬಹುದಾದ್ದು ಮೂರು. ಮರಿಯನ್ನು ತೆಳ್ಳಗಿಡಿ, ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್ ಮೇಲೆ ಮರಿ ಜಾರುತ್ತ ಬೆಳೆಯಬಾರದು. ಅದು ಓಡಾಡುವ ದಾರಿಗೆ ತೆಂಗಿನ ನಾರಿನ ಮ್ಯಾಟ್ ಹಾಸಿ. ಒಂದು ವರ್ಷ ದಾಟುವವರೆಗೆ ಬೈಕ್ ಹಿಂದೆ ಓಡಿಸುವುದು, ಎತ್ತರದಿಂದ ಹಾರಿಸುವುದು ಬೇಡ. ಎದ್ದಾಗ ತಡವರಿಸುವುದು, ಎರಡೂ ಹಿಂಗಾಲು ಜೋಡಿಸಿ ಮೊಲದಂತೆ ಕುಪ್ಪಳಿಸುವುದು, ಮೆಟ್ಟಿಲ ಮುಂದೆ ನಿಂತುಬಿಡುವುದು ಕಂಡರೆ ಎಕ್ಸ್‌ರೇ ತೆಗೆಸಿ.

ಬೆಳೆದ ನಾಯಿಗೆ ಎಷ್ಟು ಊಟ? ಸಂತಾನಹರಣ ಆದ 30 ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 1,400 ಕಿಲೋಕ್ಯಾಲರಿ ಬೇಕು. 100 ಗ್ರಾಂಗೆ 360 ಕಿಲೋಕ್ಯಾಲರಿ ಇರುವ ಒಣ ಆಹಾರವಾದರೆ 390 ಗ್ರಾಂ ಆಸುಪಾಸು, ಎರಡು ಹೊತ್ತಿಗೆ ಹಂಚಿ. ಲೋಟದಲ್ಲಿ ಅಂದಾಜು ಹಾಕದೆ ತಕ್ಕಡಿಯಲ್ಲಿ ತೂಗಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ. ಸಾರು ಕಲಸಿದ ಅನ್ನದಲ್ಲಿ ಈರುಳ್ಳಿ ಸೇರಿರುವುದನ್ನು ಮರೆಯಬೇಡಿ. ಬೇಯಿಸಿದ ಮೂಳೆ ಚೂಪಾಗಿ ಸೀಳುತ್ತದೆ, ಅದೂ ಬೇಡ.

ಚೆನ್ನಾಗಿ ತಿಂದರೂ, ಇನ್ನೂ ಬೇಕೆಂದು ಕೇಳಿದರೂ, ಒಣಗುತ್ತಲೇ ಹೋಗಿ ಮಸುಕು ಬಣ್ಣದ ಜಿಡ್ಡುಜಿಡ್ಡಾದ ಮಲ ರಾಶಿಯಾಗಿ ಹಾಕುವ ಚಿಕ್ಕ ವಯಸ್ಸಿನ ನಾಯಿಯಿದ್ದರೆ ಜಂತುಹುಳದ ಮಾತ್ರೆ ಕೊಡುತ್ತ ಕೂರಬೇಡಿ. ಮೇದೋಜೀರಕ ಗ್ರಂಥಿ ಜೀರ್ಣರಸ ಕೊಡುವುದನ್ನು ನಿಲ್ಲಿಸುವ ರೋಗ ಈ ತಳಿಯಲ್ಲಿ ಹೆಚ್ಚು. ರಕ್ತ ಪರೀಕ್ಷೆಯಿಂದ ತಿಳಿಯುತ್ತದೆ. ಊಟಕ್ಕೆ ಕಿಣ್ವದ ಪುಡಿ ಬೆರೆಸಿ ಜೀವನಪೂರ್ತಿ ಕೊಟ್ಟರೆ ನಾಯಿ ಮೈತುಂಬಿಕೊಳ್ಳುತ್ತದೆ.

ಹೊಟ್ಟೆ ತಿರುಚಿಕೊಂಡರೆ

ಆಳವಾದ ಎದೆಯ ದೊಡ್ಡ ನಾಯಿಗಳಲ್ಲಿ ಜಠರ ಗಾಳಿ ತುಂಬಿ ಉಬ್ಬಿ, ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ಗೋಣಿಚೀಲದ ಬಾಯಿ ತಿರುವಿದಂತೆ ಎರಡೂ ಕಡೆಯ ದಾರಿ ಮುಚ್ಚುತ್ತದೆ, ರಕ್ತ ಹರಿಯುವುದು ನಿಲ್ಲುತ್ತದೆ. ಗುರುತು ಹೀಗಿವೆ: ಮತ್ತೆ ಮತ್ತೆ ವಾಂತಿಗೆ ಓಕರಿಸುತ್ತದೆ, ನೊರೆ ಬಿಟ್ಟು ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ಕೂರಲಾರದೆ ನಿಲ್ಲಲಾರದೆ ಚಡಪಡಿಸುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ. ಬೆಳಗಾಗಲಿ ಎಂದು ಕಾದರೆ ನಾಯಿ ಉಳಿಯುವುದಿಲ್ಲ. ಸೋಡಾ, ಜೀರಿಗೆ ಕಷಾಯ ಕುಡಿಸದೆ ಶಸ್ತ್ರಚಿಕಿತ್ಸೆ ಮಾಡಬಲ್ಲ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ರಾತ್ರಿ ತೆರೆದಿರುವ ಅಂಥ ಆಸ್ಪತ್ರೆ ಯಾವುದು ಎಂಬುದನ್ನು ಇಂದೇ ಬರೆದಿಟ್ಟುಕೊಳ್ಳಿ. ಒಂದೇ ಹೊತ್ತು ಹೊಟ್ಟೆ ಬಿರಿಯುವಷ್ಟು ಹಾಕದಿರುವುದು, ಗಬಗಬ ತಿನ್ನುವ ನಾಯಿಗೆ ಅಗಲ ತಟ್ಟೆಯಲ್ಲಿ ಹರಡಿ ಕೊಡುವುದು, ಊಟದ ಹಿಂದೆ ಮುಂದೆ ಒಂದು ಗಂಟೆ ಓಡಿಸದಿರುವುದು ಅಪಾಯ ತಗ್ಗಿಸುತ್ತವೆ. ಸಂತಾನಹರಣದ ಸಮಯದಲ್ಲೇ ಜಠರವನ್ನು ಹೊಟ್ಟೆಯ ಗೋಡೆಗೆ ಹೊಲಿಸಿದರೆ ತಿರುಚುವುದನ್ನು ಬಹುಮಟ್ಟಿಗೆ ತಡೆಯಬಹುದು.

ಕೂದಲು, ಬಿಸಿಲು

ವರ್ಷವಿಡೀ ಕೂದಲು ಉದುರುತ್ತದೆ, ವರ್ಷಕ್ಕೆರಡು ಸಲ ಒಳಪದರ ಉಂಡೆಉಂಡೆಯಾಗಿ ಬರುತ್ತದೆ. ವಾರಕ್ಕೆ ಮೂರು ಸಲ, ಉದುರುವ ಕಾಲದಲ್ಲಿ ದಿನವೂ ಬಾಚಬೇಕು. ಸ್ನಾನ ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು. ಮಳೆಗಾಲದಲ್ಲಿ ಒಳಪದರ ಒದ್ದೆಯಾಗೇ ಉಳಿದರೆ ಚರ್ಮ ರಾತ್ರೋರಾತ್ರಿ ಕೆಂಪಾಗಿ ರಸಿಗೆಯಾಡುತ್ತದೆ. ಟವೆಲಿನಿಂದ ಒತ್ತಿ, ಫ್ಯಾನಿನಡಿ ಬೆರಳಾಡಿಸುತ್ತ ಬುಡದವರೆಗೆ ಒಣಗಿಸಿ. ಸೆಖೆಯೆಂದು ಬೋಳಿಸಬೇಡಿ. ಮೇಲಿನ ಪದರ ಬಿಸಿಲನ್ನು ಚರ್ಮಕ್ಕೆ ತಾಗದಂತೆ ತಡೆಯುತ್ತದೆ, ಬೋಳಿಸಿದರೆ ಅದು ಸರಿಯಾಗಿ ಮರಳಿ ಬಾರದೆಯೂ ಇರಬಹುದು.

ನಾಯಿ ನಮ್ಮಂತೆ ಬೆವರಿ ತಣಿಯುವುದಿಲ್ಲ. ತೇಕುವುದೇ ಅದರ ಉಪಾಯ. ಹಾಗಾಗಿ ಬಳ್ಳಾರಿ, ಕಲಬುರಗಿಯ ಒಣ ಬಿಸಿಲಷ್ಟೇ ಮಂಗಳೂರಿನ ತೇವದ ಸೆಖೆಯೂ ಅಪಾಯ: ಗಾಳಿಯಲ್ಲಿ ತೇವ ತುಂಬಿದ್ದರೆ ತೇಕಿದರೂ ಮೈ ತಣಿಯದು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ, ಸಂಜೆ ಹೊತ್ತು ಮುಳುಗಿದ ಮೇಲೆ ಮಾತ್ರ ಓಡಾಡಿಸಿ. ಡಾಂಬರಿನ ಮೇಲೆ ಮುಂಗೈ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಸುಮಾರು. 41 ದಾಟಿದರೆ ಒಳಾಂಗಗಳು ಕೆಡತೊಡಗುತ್ತವೆ. ನಾಲಿಗೆ ಇಟ್ಟಿಗೆಗೆಂಪಾಗಿ, ಜೊಲ್ಲು ಅಂಟಂಟಾಗಿ, ತೂರಾಡಿದರೆ ಮೊದಲು ನಲ್ಲಿನೀರು ಮೈಮೇಲೆ ಸುರಿಯುತ್ತ ಗಾಳಿ ಹಾಕಿ, ಆಮೇಲೆ ಆಸ್ಪತ್ರೆಗೆ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆ ಮಂಕಾದ ನಾಯಿಯ ಬಾಯಿಗೆ ನೀರು ಹೊಯ್ಯಬೇಡಿ.

ಉಣುಗಿನ ಜ್ವರ, ಮತ್ತು ಒಂದು ಇಂಜೆಕ್ಷನ್ನಿನ ಎಚ್ಚರ

ಉಣುಗು ನಮ್ಮ ಹವೆಯಲ್ಲಿ ವರ್ಷವಿಡೀ ಇರುತ್ತದೆ. ಅದು ಹರಡುವ ಎರ್ಲೀಕಿಯಾ ಎಂಬ ಸೋಂಕು ಬೇರೆ ನಾಯಿಗಳಿಗಿಂತ ಜರ್ಮನ್ ಶೆಫರ್ಡ್‌ಗೆ ಹೆಚ್ಚು ಮಾರಕ. ವಿಯೆಟ್ನಾಂ ಯುದ್ಧಕ್ಕೆ ಹೋದ ಅಮೆರಿಕದ ಸೇನಾ ನಾಯಿಗಳು, ಹೆಚ್ಚಿನವು ಇದೇ ತಳಿಯವು, ನೂರಾರು ಸಂಖ್ಯೆಯಲ್ಲಿ ಈ ರೋಗದಿಂದ ರಕ್ತಸ್ರಾವವಾಗಿ ಸತ್ತವು. ಊಟ ಬಿಡುವುದು, ಜ್ವರ, ವಸಡು ಬಿಳಿಚುವುದು, ಮೂಗಿನಿಂದ ರಕ್ತ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಕಂಡ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಔಷಧಿಯನ್ನು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಐದನೇ ದಿನಕ್ಕೆ ನಾಯಿ ಗೆಲುವಾಯಿತೆಂದು ನಿಲ್ಲಿಸಿದರೆ ಸೋಂಕು ಒಳಗೆ ಉಳಿದು ತಿಂಗಳುಗಳ ಮೇಲೆ ಮೂಳೆಮಜ್ಜೆಗೆ ಇಳಿಯುತ್ತದೆ.

ದಿನವೂ ಕಿವಿಯ ಒಳಮೈ, ಬೆರಳ ಸಂದು, ಕತ್ತಿನ ಪಟ್ಟಿಯ ಅಡಿ, ಕಂಕುಳು, ಬಾಲದ ಬುಡ ನೋಡಿ. ಚಿಮಟದಲ್ಲಿ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯಿರಿ; ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣುಗು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆಯಿಡುತ್ತದೆ. ಆದ್ದರಿಂದ ನಾಯಿಗೆ ಮಾತ್ರ ಔಷಧಿ ಹಾಕಿದರೆ ಸಾಲದು, ನಾಯಿಮನೆಯ ಬಿರುಕುಗಳಿಗೆ ಸಿಮೆಂಟ್ ಮೆತ್ತಬೇಕು.

ಉಣುಗು, ಕಜ್ಜಿಗೆಂದು ಐವರ್ಮೆಕ್ಟಿನ್ ಇಂಜೆಕ್ಷನ್ ಕೊಡಿಸುವುದು ಹಳ್ಳಿ ಪೇಟೆ ಎರಡರಲ್ಲೂ ಇದೆ. ಕುರಿನಾಯಿ ತಳಿಗಳ ಕೆಲವು ನಾಯಿಗಳಲ್ಲಿ, ಜರ್ಮನ್ ಶೆಫರ್ಡ್‌ನಲ್ಲೂ, ಮಿದುಳಿಗೆ ಔಷಧಿ ನುಗ್ಗದಂತೆ ಕಾಯುವ ಒಂದು ಜೀನ್ ದೋಷಪೂರಿತವಾಗಿರುತ್ತದೆ. ಅಂಥ ನಾಯಿಗೆ ಹೆಚ್ಚಿನ ಪ್ರಮಾಣದ ಐವರ್ಮೆಕ್ಟಿನ್ ಕೊಟ್ಟರೆ ತೂರಾಟ, ಕುರುಡು, ಕೋಮಾ, ಸಾವು. ಮನುಷ್ಯರ ಭೇದಿ ಮಾತ್ರೆ ಲೋಪರಮೈಡ್ ಕೂಡ ಅವಕ್ಕೆ ವಿಷ. ಜೀನ್ ಪರೀಕ್ಷೆ ಆಗಿರದಿದ್ದರೆ ಬೇರೆ ಔಷಧಿ ಕೊಡಿ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ.

ವಯಸ್ಸಾದಾಗ

ಒಂಬತ್ತರಿಂದ ಹದಿಮೂರು ವರ್ಷ ಈ ತಳಿಯ ಸಾಮಾನ್ಯ ಆಯಸ್ಸು. ಎಂಟು ದಾಟಿದ ಮೇಲೆ ಟೈಲ್ಸ್ ಮೇಲೆ ನಡೆಯುವ ಸದ್ದಿಗೆ ಕಿವಿಗೊಡಿ. ಹಿಂಗಾಲಿನ ಉಗುರು ಚರ್ ಚರ್ ಎಂದು ಕೆರೆಯುತ್ತಿದ್ದರೆ ಕಾಲನ್ನೆತ್ತಿ ನೋಡಿ: ನಡುವಿನ ಎರಡು ಉಗುರುಗಳ ಮೇಲ್ಭಾಗ ಸವೆದಿರುತ್ತದೆ. ನಿಂತಿರುವಾಗ ಪಂಜವನ್ನು ಮೆಲ್ಲಗೆ ಮಡಚಿ ಬೆರಳ ಬೆನ್ನು ನೆಲಕ್ಕೆ ತಾಗುವಂತೆ ಇಡಿ; ಆರೋಗ್ಯದ ನಾಯಿ ಕೂಡಲೇ ನೆಟ್ಟಗೆ ಮಾಡಿಕೊಳ್ಳುತ್ತದೆ, ಕಾಯಿಲೆಯ ನಾಯಿ ಹಾಗೇ ಬಿಡುತ್ತದೆ. ಬೆನ್ನುಹುರಿಯ ನರತಂತುಗಳು ನಿಧಾನಕ್ಕೆ ನಶಿಸುವ ಡಿಜೆನರೇಟಿವ್ ಮೈಲೋಪತಿ ಇರಬಹುದು. ಸೊಂಟದ ಕೀಲಿನ ರೋಗದಲ್ಲಿ ನೋವಿರುತ್ತದೆ, ಇದರಲ್ಲಿ ನೋವಿಲ್ಲ. ನೋವಿನ ಮಾತ್ರೆಯಿಂದ ಉಪಯೋಗವೂ ಇಲ್ಲ. ಗುಣಪಡಿಸುವ ಔಷಧಿ ಸಿಕ್ಕಿಲ್ಲ, ಆದರೆ ದಿನವೂ ನಡೆಸುವುದರಿಂದ ಸ್ನಾಯುಗಳು ಹೆಚ್ಚು ಕಾಲ ಉಳಿಯುತ್ತವೆ. ಊಟದ ಆಸೆ, ಗುರುತು ಹಿಡಿಯುವ ಕಣ್ಣು ಎಲ್ಲ ಮೊದಲಿನಂತೆಯೇ ಇದ್ದು, ಬೆಳಿಗ್ಗೆ ಪೇಪರ್ ಹುಡುಗನ ಸೈಕಲ್ ಸದ್ದಾದರೆ ನಾಯಿ ಮುಂಗಾಲಿನಲ್ಲೇ ಎಳೆದುಕೊಂಡು ಗೇಟಿಗೆ ಹೊರಡುತ್ತದೆ. ಆಗ ಹೊಟ್ಟೆಯ ಕೆಳಗೆ, ತೊಡೆಗೆ ಹತ್ತಿರವಾಗಿ ಅಗಲ ಟವೆಲ್ ಹಾಯಿಸಿ ಎರಡೂ ತುದಿ ಮೇಲೆತ್ತಿ ಹಿಡಿದು, ಪಾದ ನೆಲಕ್ಕೆ ಉಜ್ಜದಂತೆ ಜೊತೆಯಲ್ಲಿ ನಡೆಯಿರಿ. ಒಂದೊಂದು ಸಲ ಐದು ನಿಮಿಷ, ದಿನಕ್ಕೆ ನಾಲ್ಕೈದು ಸಲ.